ಚಳಿಗಾಲದಲ್ಲಿ ನಾಯಿಮರಿಗಳ ರಕ್ಷಣೆ

ಹೊಲ, ಕಣ ಹಾಗೂ ಕುರಿಹಟ್ಟಿಗಳ ಕಾವಲಿಗೆ ನಾಯಿ ರೈತನ ನಂಬಿಕೆಯ ಸಂಗಾತಿ. ನಮ್ಮ ನಾಡಿನ ಊರನಾಯಿಗಳು ಹೆಚ್ಚಾಗಿ ಮಳೆಗಾಲದ ಕೊನೆಯಲ್ಲಿ ಬೆದೆಗೆ ಬರುತ್ತವೆ. ಗರ್ಭಾವಧಿ ಸುಮಾರು 63 ದಿನಗಳಾದ್ದರಿಂದ ಅವು ಮರಿ ಹಾಕುವುದು ಚಳಿಗಾಲದಲ್ಲಿಯೇ. ಬಾಗಲಕೋಟೆ, ವಿಜಯಪುರ, ಬೀದರ ಜಿಲ್ಲೆಗಳಲ್ಲಿ ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಉಷ್ಣತೆಯು ಕೆಲವೊಮ್ಮೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುತ್ತದೆ. ಆಗ ಸರಿಯಾದ ಆರೈಕೆ ಇಲ್ಲದೆ ಮರಿಗಳು ಸಾಯುವುದುಂಟು.

ಮರಿಗಳಿಗೆ ಅಪಾಯವೇಕೆ?

ಬೆಳೆದ ನಾಯಿಯ ದೇಹದ ಉಷ್ಣತೆ ಸುಮಾರು 38.5 ಡಿಗ್ರಿ. ಹುಟ್ಟಿದ ಮರಿಯದು ಇದಕ್ಕಿಂತ ಕಡಿಮೆ. ಮೊದಲ ವಾರದಲ್ಲಿ ಮರಿಗೆ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ತಾಯಿಯ ಮೈಗಾವು ಮತ್ತು ಒಡಹುಟ್ಟುಗಳ ಆಸರೆಯಿಂದಲೇ ಅದು ಬದುಕುತ್ತದೆ. ಮುಧೋಳ ತಳಿಯ ನಾಯಿಗಳ ಕೂದಲು ಗಿಡ್ಡ, ಮೈಯಲ್ಲಿ ಕೊಬ್ಬು ಕಡಿಮೆ. ಆದ್ದರಿಂದ ಈ ತಳಿಯಲ್ಲಿ ದೊಡ್ಡ ನಾಯಿಗಳಿಗೂ ಚಳಿ ಬೇಗ ತಟ್ಟುತ್ತದೆ.

ವಸತಿ

ಗಾಳಿ ನುಗ್ಗದ, ನೆಲದಿಂದ ನಾಲ್ಕಾರು ಅಂಗುಲ ಎತ್ತರದ ಹಲಗೆ ಪೆಟ್ಟಿಗೆ ಒದಗಿಸಬೇಕು. ಒಣ ಹುಲ್ಲು ಹರಡಿ ಮೇಲೆ ಗೋಣಿತಟ್ಟು ಹಾಸಬೇಕು. ಒದ್ದೆಯಾದ ಹಾಸನ್ನು ಆಗಲೇ ಬದಲಿಸಬೇಕು. ಹಳೆಯ ಬಗೆಯ 60 ವ್ಯಾಟ್ ಬಲ್ಬನ್ನು ತಾಯಿಗೆ ಹಾಗೂ ಹುಲ್ಲಿಗೆ ತಾಗದಂತೆ ಒಂದು ಮೂಲೆಯ ಮೇಲೆ ತೂಗುಹಾಕಬಹುದು. ಎಲ್‌ಇಡಿ ಬಲ್ಬಿನಿಂದ ಸಾಕಷ್ಟು ಕಾವು ದೊರೆಯದು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬಾರದು. ಅದರ ವಿಷಾನಿಲದಿಂದ ತಾಯಿ, ಮರಿ ಎರಡೂ ಸಾಯಬಹುದು.

ತಣ್ಣಗಾದ ಮರಿಗೆ ಉಪಚಾರ

ಮೈ ತಣ್ಣಗಾದ ಮರಿಯನ್ನು ತಾಯಿಯೇ ದೂರ ತಳ್ಳುವುದುಂಟು. ಅಂಥ ಮರಿಗೆ ಕೂಡಲೇ ಹಾಲು ಕುಡಿಸುವುದು ದೊಡ್ಡ ತಪ್ಪು. ಮೈ ತಣ್ಣಗಿರುವಾಗ ಕರುಳು ಕೆಲಸ ಮಾಡುವುದಿಲ್ಲ. ಹಾಲು ಜೀರ್ಣವಾಗದೆ ಉಳಿಯುತ್ತದೆ, ಇಲ್ಲವೆ ಶ್ವಾಸಕೋಶಕ್ಕೆ ಸೇರುತ್ತದೆ. ಮರಿಯನ್ನು ಮೊದಲು ಒಣಬಟ್ಟೆಯಿಂದ ಒರೆಸಿ, ಮೈಗೊತ್ತಿ ಹಿಡಿದು ಅಥವಾ ಬಟ್ಟೆ ಸುತ್ತಿದ ಬಿಸಿನೀರಿನ ಸೀಸೆಯ ಬಳಿ ಇಟ್ಟು ನಿಧಾನವಾಗಿ ಬೆಚ್ಚಗೆ ಮಾಡಬೇಕು. ಇದಕ್ಕೆ ಒಂದೆರಡು ಗಂಟೆಯಾದರೂ ಬೇಕು. ಮರಿ ಚುರುಕಾಗಿ ಬಾಯಾಡಿಸತೊಡಗಿದ ನಂತರವೇ ತಾಯಿಯ ಮೊಲೆಗೆ ಬಿಡಬೇಕು. ಚೇತರಿಸದಿದ್ದರೆ ಪಶುವೈದ್ಯರಿಗೆ ತೋರಿಸಬೇಕು.

ಆಹಾರ ಮತ್ತು ಲಸಿಕೆ

ಮೊಲೆಯೂಡುವ ತಾಯಿಗೆ ಮೂರು-ನಾಲ್ಕನೆಯ ವಾರದ ಹೊತ್ತಿಗೆ ಎಂದಿನ ಎರಡು-ಮೂರು ಪಟ್ಟು ಆಹಾರ ಬೇಕಾಗುತ್ತದೆ. ಜೋಳದ ನುಚ್ಚು ಅಥವಾ ರಾಗಿ ಅಂಬಲಿಯೊಂದಿಗೆ ಬೇಯಿಸಿದ ಮೊಟ್ಟೆ, ಮಾಂಸ ಕೊಡಬೇಕು. ಉಗುರುಬೆಚ್ಚಗಿನ ನೀರು ಸದಾ ಇರಬೇಕು. ಮರಿಗಳಿಗೆ ಎರಡನೆಯ ವಾರದಿಂದ ಜಂತುಹುಳು ಔಷಧಿ, 6ರಿಂದ 8 ವಾರಗಳಲ್ಲಿ ಪಾರ್ವೊ ಹಾಗೂ ಡಿಸ್ಟೆಂಪರ್ ಲಸಿಕೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು.

ಒಣ ಹಾಸು, ಗಾಳಿಗೆ ಮರೆ, ಮೊದಲು ಕಾವು ಆಮೇಲೆ ಹಾಲು: ಈ ಮೂರನ್ನು ಪಾಲಿಸಿದರೆ ಚಳಿಗೆ ಸಿಕ್ಕು ಸಾಯುವ ಮರಿಗಳಲ್ಲಿ ಹಲವನ್ನು ಉಳಿಸಿಕೊಳ್ಳಬಹುದು.