ಮಗ್ಗಕ್ಕೆ ಎಣ್ಣಿ ಬಿಡ್ತಾರ, ತಮ್ಮ ಬಿಪಿ ನೋಡ್ಕೊಳ್ಳಂಗಿಲ್ಲ!
ಸೊಲ್ಲಾಪುರದ ಪವರ್‌ಲೂಮ್ ಗಂಡಸರ ಆರೋಗ್ಯಕ್ಕೂ ಬೇಕು ಗಮನ

ಸೊಲ್ಲಾಪುರ: ಚಾದರ, ಟವೆಲ್‌ಗಳಿಂದ ದೇಶಕ್ಕೆಲ್ಲ ಹೆಸರಾದ ಊರಿದು. ಇಲ್ಲಿನ ಪವರ್‌ಲೂಮ್ ಕಾರ್ಖಾನೆಗಳಲ್ಲಿ ತೆಲುಗು, ಮರಾಠಿ ಮಾತಿನವರ ಜೊತೆ ಕನ್ನಡಿಗರೂ ದುಡಿಯುತ್ತಾರೆ. ನೂಲು ಹರಿದರೆ ತಕ್ಷಣ ಮಗ್ಗ ನಿಲ್ಲಿಸಿ ಗಂಟು ಹಾಕುವ ಇವರು, ತಮ್ಮ ಎದೆ ಬಿಗಿದರೆ ಮಾತ್ರ ನಿಲ್ಲುವುದಿಲ್ಲ. ‘ಏನೂ ಆಗಂಗಿಲ್ಲ ಬಿಡ್ರಿ, ಸ್ವಲ್ಪ ದಣಿವು’ ಎಂಬ ಮಾತಿನಲ್ಲೇ ವರ್ಷಗಳು ಕಳೆಯುತ್ತವೆ.

ಇದು ಬರೀ ಅಲಕ್ಷ್ಯವಲ್ಲ. ಹೆಚ್ಚಿನವರಿಗೆ ನೇಯ್ದ ಮಾಲಿನ ಲೆಕ್ಕದಲ್ಲಿ ಪಗಾರ. ದವಾಖಾನೆಯ ಸಾಲಿನಲ್ಲಿ ಅರ್ಧ ದಿನ ನಿಂತರೆ ಅರ್ಧ ದಿನದ ಕೂಲಿ ಹೋಯಿತು. ಹಾಗಾಗಿ ಬೇನೆ ಬಲಿತ ಮೇಲೆಯೇ ವೈದ್ಯರ ನೆನಪು.

ಧೂಳು ಮತ್ತು ಸದ್ದು

ಹತ್ತಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಬಿಸಿನೋಸಿಸ್ ಎಂಬ ಪುಪ್ಪುಸದ ಬೇನೆ ಬರಬಹುದು. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ ಎದೆ ಬಿಗಿಯುವುದು, ಕೆಮ್ಮು ಬರುವುದು ಅದರ ಗುರುತು. ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು. ಮುಖಕ್ಕೆ ಮಾಸ್ಕ್, ಗಾಳಿ ಆಡುವ ಕಿಟಕಿ ಇದ್ದರೆ ಧೂಳಿನ ಕಾಟ ಕಡಿಮೆಯಾದೀತು.

ಎಂಟು ತಾಸಿನ ಕೆಲಸಕ್ಕೆ 90 ಡೆಸಿಬೆಲ್ ಸದ್ದೇ ಗರಿಷ್ಠ ಮಿತಿ. ಮಗ್ಗಗಳು ಸಾಲಾಗಿ ಓಡುವ ಕಡೆ ಸದ್ದು ಇದನ್ನೂ ಮೀರುವುದುಂಟು. ಕಿವಿ ಒಮ್ಮೆಲೇ ಹೋಗುವುದಿಲ್ಲ, ಮೆಲ್ಲಗೆ ಹೋಗುತ್ತದೆ. ‘ಟಿವಿ ಯಾಕ ಇಷ್ಟು ಜೋರು ಇಟ್ಟೀರಿ?’ ಎಂದು ಮನೆಯವರು ಕೇಳತೊಡಗಿದರೆ ತಪಾಸಣೆಗೆ ತಡಮಾಡಬಾರದು. ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ.

ತೋರದ ಬೇನೆ, ಹೇಳದ ಚಿಂತೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15 ವರ್ಷ ಮೀರಿದ ಗಂಡಸರಲ್ಲಿ ಶೇ 24ರಷ್ಟು ಮಂದಿಗೆ ರಕ್ತದೊತ್ತಡದ ತೊಂದರೆ ಇದೆ. ತಂಬಾಕು ಬಳಸುವವರು ಶೇ 38. ಮಹಾರಾಷ್ಟ್ರ ಗುಟ್ಕಾ ನಿಷೇಧಿಸಿದ್ದು 2012ರಲ್ಲಿ. ಆದರೆ ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ತಂಬಾಕು ತಿನ್ನುವ ಚಟ ಸುಲಭಕ್ಕೆ ಬಿಡುವಂಥದ್ದಲ್ಲ.

ಮನಸ್ಸಿನ ಭಾರವೂ ಸಣ್ಣದಲ್ಲ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾದ ಸುಮಾರು 1.71 ಲಕ್ಷ ಮಂದಿಯಲ್ಲಿ 1.22 ಲಕ್ಷಕ್ಕೂ ಹೆಚ್ಚು ಜನ ಗಂಡಸರು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ದಿನಗೂಲಿಯವರು. ಸಾಲ, ಮಗಳ ಮದುವೆ, ಕೆಲಸ ಹೋಗುವ ಭಯ ಯಾವುದನ್ನೂ ‘ಗಂಡಸಾದವ ಹೇಳಬಾರದು’ ಎಂಬುದೇ ತಪ್ಪು ತಿಳಿವಳಿಕೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಲಹೆ ಹಗಲು ರಾತ್ರಿ ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಹಕ್ಕು ಗೊತ್ತಿರಲಿ

ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಗೆ ಇಎಸ್‌ಐ ಅನ್ವಯಿಸುತ್ತದೆ. 2019ರ ಜುಲೈನಿಂದ ಕಾರ್ಮಿಕನ ಪಾಲು ಪಗಾರದ ಶೇ 0.75, ಮಾಲೀಕರ ಪಾಲು ಶೇ 3.25. ವೈದ್ಯರು ರಜೆ ಬರೆದುಕೊಟ್ಟರೆ, ನಿಯಮದಂತೆ ವಂತಿಗೆ ತುಂಬಿದವರಿಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ. ಕೂಲಿ ಹೋಗುವ ಭಯಕ್ಕೆ ಇದೇ ಮದ್ದು. ಸಣ್ಣ ಶೆಡ್‌ನವರು, 30 ದಾಟಿದ್ದರೆ, ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಬಿಪಿ, ಸಕ್ಕರೆ, ಬಾಯಿ ಕ್ಯಾನ್ಸರ್ ತಪಾಸಣೆಯನ್ನು ಪುಕ್ಕಟೆ ಮಾಡಿಸಿಕೊಳ್ಳಬಹುದು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಡಿ, 40 ದಾಟಿದ ಕಾರ್ಮಿಕರಿಗೆ ಮಾಲೀಕರೇ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಮಾಡಿಸಬೇಕೆಂದು ಕೇಂದ್ರ ಸರ್ಕಾರ ಹೇಳಿದೆ. ಆ ತಪಾಸಣೆ ಕಾರ್ಖಾನೆ ಬಾಗಿಲಲ್ಲೇ, ಪಾಳಿ ಬದಲಾಗುವ ಹೊತ್ತಿಗೆ ನಡೆದರೆ ಯಾರ ಕೂಲಿಯೂ ಮುರಿಯದು.

ಅಲ್ಲಿಯವರೆಗೆ ಮನೆಯವರೇ ಒತ್ತಾಯ ಮಾಡಬೇಕು. ಮಗ್ಗ ಕೆಟ್ಟರೆ ಬೇರೆ ತರಬಹುದು, ಮನೆಯ ಯಜಮಾನನನ್ನು ತರಲು ಬರುವುದಿಲ್ಲ.