ಸರಕಾರದ ಕಿವಿಗೆ ಬೀಳಲೆಂದು ಓಡಿದವನು

1922ನೆಯ ಇಸವಿಯ ಜನವರಿ ಒಂದನೆಯ ತಾರೀಖು. ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತದಲ್ಲಿ ಅದು ನಡುಬೇಸಗೆಯ ಕಾಲ. ಭೂಮಧ್ಯರೇಖೆಯ ಆಚೆಗೆ ಋತುಗಳು ತಿರುವುಮುರುವಾಗುವುದನ್ನು ವಾಚಕರು ಬಲ್ಲರು. ಹಾರ್ಡಿಂಗ್ ಎಂಬ ಊರಿನ ಸಮೀಪದ ತನ್ನ ಜಮೀನಿನಿಂದ ಆರ್ಥರ್ ನ್ಯೂಟನ್ ಎಂಬ ಬೇಸಾಯಗಾರನು ಹೊರಟು ಸುಮಾರು ಎರಡು ಮೈಲಿ ಓಡಿದನು. ವಯಸ್ಸು ಮೂವತ್ತೆಂಟು. ಆ ಎರಡು ಮೈಲಿಗೇ ಅವನ ಕಾಲುಗಳು ಮರಗಟ್ಟಿದವು. ನೋವು ಕೆಲವು ದಿನಗಳವರೆಗೂ ಇಳಿಯಲಿಲ್ಲ. ಆದರೆ ಅವನು ಮನಸ್ಸಿನಲ್ಲಿ ಹಾಕಿಕೊಂಡಿದ್ದ ಲೆಕ್ಕ ಎರಡು ಮೈಲಿಯದಲ್ಲ. ಅದೇ ವರ್ಷದ ಮೇ 24ರಂದು ಡರ್ಬನ್ ನಗರದಿಂದ ಪೀಟರ್‌ಮ್ಯಾರಿಟ್ಸ್‌ಬರ್ಗ್‌ವರೆಗೆ, ಗುಡ್ಡಗಳ ಮೇಲೆ ಹಾದುಹೋಗುವ 54 ಮೈಲಿಗಳ ರಸ್ತೆಯನ್ನು ಓಡಿ ಮೊದಲಿಗನಾಗಬೇಕೆಂಬುದು ಅವನ ಸಂಕಲ್ಪವಾಗಿತ್ತು.

ಈ ನ್ಯೂಟನ್ನನಿಗೂ ಸೇಬಿನ ಹಣ್ಣಿನ ನ್ಯೂಟನ್ನನಿಗೂ ಹೆಸರಿನ ಹೊರತು ಬೇರಾವ ಸಂಬಂಧವನ್ನೂ ಕಲ್ಪಿಸಬೇಕಾಗಿಲ್ಲ. ಇವನು ಇಂಗ್ಲೆಂಡಿನಲ್ಲಿ ಹುಟ್ಟಿ ನಟಾಲಿನಲ್ಲಿ ನೆಲೆಸಿದವನು. ಹಣವನ್ನೂ ವರ್ಷಗಳನ್ನೂ ಸುರಿದು ಜಮೀನನ್ನು ಹಸನು ಮಾಡಿದ್ದನು. ಆ ಹೊತ್ತಿಗೆ ಸರಕಾರವು ಆ ಸೀಮೆಯನ್ನು ಕರಿಯ ಜನರ ವಸತಿಗೆಂದು ಗೊತ್ತುಮಾಡಹೊರಟಿತು. ತನ್ನ ಶ್ರಮವೆಲ್ಲ ನೀರುಪಾಲಾಯಿತೆಂದು ನ್ಯೂಟನ್ ಪರಿಹಾರ ಕೇಳಿದನು. ಅರ್ಜಿಗಳು ಹೋದವು, ಪರಿಹಾರ ಬರಲಿಲ್ಲ. ಬರಿಯ ಬೇಸಾಯಗಾರನ ಮಾತನ್ನು ಯಾರು ಕೇಳುತ್ತಾರೆ? ಪತ್ರಿಕೆಗಳಲ್ಲಿ ಹೆಸರು ಬಂದವನ ಮಾತಾದರೆ ಜನ ಕಿವಿಗೊಟ್ಟಾರು. ಜನ ಕಿವಿಗೊಟ್ಟರೆ ಸರಕಾರವೂ ಕೇಳೀತು. ದಕ್ಷಿಣ ಆಫ್ರಿಕದ ಜನಕ್ಕೆ ಆಟಪಾಟಗಳಲ್ಲಿರುವ ಹುಚ್ಚನ್ನು ಬಲ್ಲ ನ್ಯೂಟನ್ ಹೀಗೆ ತರ್ಕಿಸಿದನು. ಓಟವು ಅವನಿಗೆ ವಿನೋದಕ್ಕಾಗಿ ಬಂದದ್ದಲ್ಲ. ಅದು ಅವನು ಸಲ್ಲಿಸಿದ ಕೊನೆಯ ಅರ್ಜಿ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. 1913ರ ಭೂಶಾಸನವು ಆ ದೇಶದ ಮೂಲನಿವಾಸಿಗಳಿಗೆ ಉಳಿಸಿದ್ದು ಒಟ್ಟು ನೆಲದ ಶೇಕಡಾ ಏಳರಷ್ಟನ್ನು ಮಾತ್ರ. ಅವರ ದೂರುಗಳಿಗೆ ಓಟದ ಪಂದ್ಯದ ದಾರಿಯೂ ಇರಲಿಲ್ಲ. ನ್ಯೂಟನ್ನನ ಕೊರಗು ಸುಳ್ಳಲ್ಲ. ಆದರೆ ಅದಕ್ಕಿಂತ ಹಿರಿದಾದ ಕೊರಗೊಂದು ಅದೇ ಮಣ್ಣಿನಲ್ಲಿ ಮೂಕವಾಗಿ ನಿಂತಿತ್ತು.

ಅವನು ಆರಿಸಿಕೊಂಡ ಪಂದ್ಯದ ಹೆಸರು ‘ಕಾಮ್ರೇಡ್ಸ್ ಮ್ಯಾರಥಾನ್’. ಅದನ್ನು ಆರಂಭಿಸಿದವನು ವಿಕ್ ಕ್ಲಾಪಮ್ ಎಂಬ ರೈಲು ಇಂಜಿನ್ ಚಾಲಕ. ಮೊದಲನೆಯ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕದ ಬಿಸಿಲಿನಲ್ಲಿ ನೂರಾರು ಮೈಲಿ ನಡೆದು ಬಂದಿದ್ದ ಈತ, ಮಡಿದ ಸಂಗಾತಿಗಳ ನೆನಪಿಗೆ ಕಲ್ಲಿನ ಕಂಬಕ್ಕಿಂತ ಕಾಲಿನ ಶ್ರಮವೇ ಮೇಲೆಂದು ಎಣಿಸಿದನು. ಅನುಮತಿ ಒಮ್ಮೆಗೇ ದೊರೆಯಲಿಲ್ಲ. ಇಷ್ಟು ದೂರದ ಓಟ ಮನುಷ್ಯಮಾತ್ರರಿಗೆ ಅಳವಲ್ಲವೆಂದು ಹಿರಿಯರು ತಲೆಯಾಡಿಸಿದರು. ಕಡೆಗೆ 1921ರಲ್ಲಿ 34 ಮಂದಿ ಹೊರಟು 16 ಮಂದಿ ಗುರಿ ಮುಟ್ಟಿದರು. ಗೆದ್ದ ಬಿಲ್ ರೋವನ್ ತೆಗೆದುಕೊಂಡ ಕಾಲ 8 ಗಂಟೆ 59 ನಿಮಿಷ.

ಆಗುಂಬೆಯ ಘಟ್ಟವನ್ನು ಒಮ್ಮೆ ಏರಿದರೆ ಏರು ಮುಗಿಯಿತು. ನಟಾಲಿನ ಈ ರಸ್ತೆಯ ಸ್ವಭಾವವೇ ಬೇರೆ. ಸಮುದ್ರದಂಚಿನ ಡರ್ಬನ್ನಿನಿಂದ ಹೊರಟವನಿಗೆ ಮೊದಲು ಕೌವಿ ಗುಡ್ಡ, ಅನಂತರ ಫೀಲ್ಡ್ ಗುಡ್ಡ, ಅದರ ಮೇಲೆ ಬೋಥಾ ಗುಡ್ಡ. ಅರ್ಧದಾರಿಯ ಡ್ರಮಂಡ್ ಎಂಬ ಹಳ್ಳಿಗೆ ಇಳಿದು ಉಸಿರೆಳೆದುಕೊಳ್ಳುವಷ್ಟರಲ್ಲಿ ಇಂಚಾಂಗದ ಏರು ಎದುರಿಗೆ ಬರುತ್ತದೆ. ಎಲ್ಲವನ್ನೂ ಗೆದ್ದೆನೆಂದು ಬೀಗಿದವನಿಗೆ ಊರಿನ ಹೊರವಲಯದಲ್ಲಿ ‘ಪಾಲಿ ಶಾರ್ಟ್ಸ್’ ಎಂಬ ಕಡೆಯ ಏರು ಕಾದಿರುತ್ತದೆ. ಈಗ ಅಲ್ಲಿ ಡಾಂಬರು ರಸ್ತೆಯಿದೆ. ಆಗ ಇದ್ದದ್ದು ಧೂಳಿನ ಮಣ್ಣುದಾರಿ. ಇದೇ ಗುಡ್ಡಗಾಡನ್ನು ರೈಲಿನಲ್ಲಿ ಏರಿಬಂದು, 1893ರ ಜೂನ್ 7ರ ರಾತ್ರಿ ಪೀಟರ್‌ಮ್ಯಾರಿಟ್ಸ್‌ಬರ್ಗ್ ನಿಲ್ದಾಣದ ಚಳಿಯಲ್ಲಿ ಇಳಿಸಲ್ಪಟ್ಟ ತರುಣ ವಕೀಲನನ್ನು ನಮ್ಮ ವಾಚಕರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಆತನ ಹೆಸರು ಮೋಹನದಾಸ ಕರಮಚಂದ ಗಾಂಧಿ.

ಮೊದಲ ದಿನದ ಓಟದಿಂದ ನ್ಯೂಟನ್ ಪಾಠ ಕಲಿತನು. ಆ ಕಾಲದ ದೂರದ ಓಟಗಾರರ ಅಭ್ಯಾಸವೆಂದರೆ ಬಹುಮಟ್ಟಿಗೆ ನಡಿಗೆ, ನಡುನಡುವೆ ವೇಗದ ಸಣ್ಣ ಓಟ. ನ್ಯೂಟನ್ ಇದನ್ನು ತಿರುವಿಹಾಕಿದನು. ದಿನವೂ ಓಡಬೇಕು, ನಿಧಾನವಾಗಿ ಓಡಬೇಕು, ದೂರವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಹೋಗಬೇಕು, ಪಂದ್ಯದ ದಿನದ ವೇಗವನ್ನು ಅಭ್ಯಾಸದಲ್ಲಿ ವ್ಯಯಮಾಡಲೇ ಕೂಡದು. ಎಳೆಗರುವನ್ನು ದಿನವೂ ಎತ್ತುತ್ತ ಹೋದವನು ಮುಂದೆ ಎತ್ತನ್ನೇ ಎತ್ತಿದನೆಂಬ ಕಥೆಯಂತೆ, ಆ ಬೇಸಗೆಯ ವಾರಗಳು ಉರುಳಿದಷ್ಟೂ ಅವನ ಮೈಲಿಗಳು ಬೆಳೆದವು. ವಾರಕ್ಕೆ ನೂರು ಮೈಲಿ ಮೀರಿ ಓಡುವುದು ಮುಂದಿನ ವರ್ಷಗಳಲ್ಲಿ ಅವನಿಗೆ ನಿತ್ಯಕರ್ಮದಂತಾಯಿತು. ವ್ರತನೇಮಗಳ ಕಾಟವೇನೂ ಇರಲಿಲ್ಲ. ಚುಂಗಾಣಿ ಸೇದುವುದನ್ನು ಕೂಡ ಅವನು ಬಿಟ್ಟವನಲ್ಲ. ದೂರದ ಓಟಗಳಿಗೆಂದು ಅವನು ಕಂಡುಕೊಂಡ ‘ದಿವ್ಯೌಷಧ’ವನ್ನು ಕೇಳಿದರೆ ನಮ್ಮ ಗೃಹಿಣಿಯರು ನಕ್ಕಾರು: ನಿಂಬೆಯ ಪಾನಕ, ಅದಕ್ಕೆ ಬೇಕಾದಷ್ಟು ಸಕ್ಕರೆ, ಮೇಲೆ ಒಂದಿಷ್ಟು ಉಪ್ಪು!

ಮೇ 24 ಬಂದಿತು. ನಾಲ್ಕು ದಿನಗಳ ಹಿಂದಷ್ಟೇ ನ್ಯೂಟನ್ನನಿಗೆ ಮೂವತ್ತೊಂಬತ್ತು ತುಂಬಿತ್ತು. ಮಣ್ಣು ಕಿತ್ತು ಮಡಿಮಾಡಿದ ಕಾಲುಗಳಿಗೆ ಏರು ಹೊಸದಲ್ಲ. ಗಡಿಯಾರದ ಮುಳ್ಳಿನಂತೆ ತನ್ನ ಹದ ಕೆಡಿಸಿಕೊಳ್ಳದೆ ಓಡುವುದೇ ಅವನ ಕ್ರಮ. ಹಿಂದಿನ ವರ್ಷದ ವಿಜಯಿಯಾದ ರೋವನ್ನನೂ ಅಂದು ಕಣದಲ್ಲಿದ್ದನು. ಆದರೆ ಪೀಟರ್‌ಮ್ಯಾರಿಟ್ಸ್‌ಬರ್ಗನ್ನು ಮೊದಲು ಹೊಕ್ಕವನು ಹಾರ್ಡಿಂಗಿನ ಬೇಸಾಯಗಾರ. 8 ಗಂಟೆ 40 ನಿಮಿಷ. ಹಿಂದಿನ ವರ್ಷದ್ದು ಇಳಿಜಾರಿನತ್ತ ಸಾಗಿದ ಓಟ, ಇದು ಏರಿನ ಓಟ. ಆದರೂ ಹತ್ತೊಂಬತ್ತು ನಿಮಿಷ ಉಳಿದಿತ್ತು. ಜನವರಿಯಲ್ಲಿ ಎರಡು ಮೈಲಿಗೆ ಕುಸಿದವನು ಐದನೆಯ ತಿಂಗಳಿನಲ್ಲಿ ಮಾಡಿದ ಸಾಧನೆ ಇದು.

1923ರಲ್ಲಿ ಓಟ ಮತ್ತೆ ಡರ್ಬನ್ನಿನ ಕಡೆಗೆ. ನ್ಯೂಟನ್ 6 ಗಂಟೆ 56 ನಿಮಿಷಗಳಲ್ಲಿ ಬಂದು ನಿಂತನು. ರೋವನ್ನನ ದಾಖಲೆಗಿಂತ ಎರಡು ಗಂಟೆಗೂ ಮಿಕ್ಕಿ ಮುಂಚೆ! 1924ರಲ್ಲಿಯೂ 1925ರಲ್ಲಿಯೂ ಗೆಲವು ಅವನದೇ. ನಡುವೆ 1924ರಲ್ಲಿ ತಾಯ್ನಾಡಿಗೆ ಹೋಗಿ ಲಂಡನ್ನಿನಿಂದ ಬ್ರೈಟನ್ನಿಗೆ 5 ಗಂಟೆ 53 ನಿಮಿಷಗಳಲ್ಲಿ ಓಡಿ ಅಲ್ಲಿಯ ಜನರನ್ನೂ ಬೆರಗುಗೊಳಿಸಿದನು. ಹೆಸರು ಪತ್ರಿಕೆಗಳಲ್ಲಿ ಬಂದಿತು, ಜನ ಜಯಕಾರ ಮಾಡಿದರು. ಅವನ ತರ್ಕದ ಮೊದಲರ್ಧ ಅಕ್ಷರಶಃ ನಿಜವಾಯಿತು.

ಉಳಿದರ್ಧ ನಿಜವಾಗಲಿಲ್ಲ. ಸರಕಾರ ಮಣಿಯಲಿಲ್ಲ. 1925ರಲ್ಲಿ ನ್ಯೂಟನ್ ಜಮೀನನ್ನು ತೊರೆದು ರೊಡೇಷಿಯ ಸೇರಿದನು. ಅಲ್ಲಿಂದ ಬಂದು 1926ರಲ್ಲಿ ಹ್ಯಾರಿ ಫಿಲಿಪ್ಸ್‌ನಿಗೆ ಸೋತನು; 1927ರಲ್ಲಿ, ನಲವತ್ತನಾಲ್ಕರ ವಯಸ್ಸಿನಲ್ಲಿ, ಐದನೆಯ ಸಲ ಗೆದ್ದನು. ಯಾವ ನೆಲಕ್ಕಾಗಿ ಓಡಲಾರಂಭಿಸಿದನೋ ಆ ನೆಲ ಕೈಬಿಟ್ಟ ಮೇಲೂ ಓಟ ಅವನನ್ನು ಬಿಡಲಿಲ್ಲ. 1928ರಲ್ಲಿ ಲಾಸ್ ಏಂಜಲೀಸಿನಿಂದ ನ್ಯೂಯಾರ್ಕಿಗೆ ಅಮೆರಿಕ ಖಂಡವನ್ನೇ ದಾಟುವ ಪಂದ್ಯಕ್ಕೆ ಹೋಗಿ, ಕಾಲು ನೊಂದು ದಾರಿಯಲ್ಲಿ ನಿಂತನು. ಹವ್ಯಾಸಿ ಓಟಗಾರನೆಂಬ ಹೆಸರು ಅಲ್ಲಿಗೆ ಮುಗಿಯಿತು. ಅನಂತರ ಇಂಗ್ಲೆಂಡಿಗೆ ಮರಳಿ ಓಟದ ವಿಷಯವಾಗಿ ಪುಸ್ತಕಗಳನ್ನು ಬರೆದನು. ಸಲಹೆ ಬೇಡಿ ಬಂದ ತರುಣರಿಗೆ ತಾನರಿತದ್ದನ್ನು ಹೇಳಿಕೊಟ್ಟನು. 1959ರಲ್ಲಿ ತೀರಿಕೊಂಡನು.

ಅವನು ಹೆಸರು ಗಳಿಸಿದ ಪಂದ್ಯ ಬಹುಕಾಲ ಬಿಳಿಯ ಗಂಡಸರಿಗೆ ಮಾತ್ರ ಮೀಸಲಾಗಿತ್ತು. 1935ರಲ್ಲಿ ರಾಬರ್ಟ್ ಮ್ತ್ಶಾಲಿ ಎಂಬ ಕರಿಯನು ಲೆಕ್ಕಕ್ಕೆ ಸೇರದೆಯೇ ಇಡೀ ದಾರಿಯನ್ನು ಒಂಬತ್ತೂವರೆ ಗಂಟೆಗಳಲ್ಲಿ ಓಡಿ ಮುಗಿಸಿದನು. ಕರಿಯರಿಗೂ ಹೆಂಗಸರಿಗೂ ಅಧಿಕೃತವಾಗಿ ಬಾಗಿಲು ತೆರೆದದ್ದು 1975ರಲ್ಲಿ. ಸ್ಯಾಮ್ ತ್ಶಬಲಾಲ ಕರಿಯರಲ್ಲಿ ಮೊದಲಿಗನಾಗಿ ಗೆದ್ದದ್ದು 1989ರಲ್ಲಿ.

ಡ್ರಮಂಡಿನ ಸಮೀಪ ರಸ್ತೆಯಂಚಿನ ದಿಬ್ಬದಲ್ಲಿ ಕೊರೆದ ಒಂದು ಗೂಡು ಇದೆ. ನ್ಯೂಟನ್ ಅಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದನೆಂದು ಪ್ರತೀತಿ. ಅದಕ್ಕೆ ‘ಆರ್ಥರನ ಪೀಠ’ವೆಂದೇ ಹೆಸರು. ಈಗ ಸಾವಿರಾರು ಮಂದಿ, ಎಲ್ಲ ಬಣ್ಣದವರು, ಗಂಡಸರು ಹೆಂಗಸರು, ಆ ದಾರಿಯಲ್ಲಿ ಓಡುತ್ತಾರೆ. ಅನೇಕರು ಓಡುತ್ತಿದ್ದಂತೆಯೇ ದಾರಿಬದಿಯ ಹೂವೊಂದನ್ನು ಕಿತ್ತು ಆ ಗೂಡಿನಲ್ಲಿಟ್ಟು, ‘ನಮಸ್ಕಾರ, ಆರ್ಥರ್’ ಎಂದು ಹೇಳಿ ಮುಂದೆ ಸಾಗುತ್ತಾರೆ. ಹಾಗೆ ಮಾಡಿದವರಿಗೆ ಉಳಿದರ್ಧ ದಾರಿ ಸುಗಮವೆಂಬ ನಂಬಿಕೆ. ಇಂಚಾಂಗದ ಏರು ಅಲ್ಲಿಂದ ಹೆಚ್ಚು ದೂರವಿಲ್ಲ.