ಯೂಕಿ ತ್ಸುಮುಗಿ

ಜಪಾನಿನ ರೇಷ್ಮೆಯೆಂದೊಡನೆ ಥಳಥಳಿಸುವ ಕಿಮೋನೊ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಅಷ್ಟಾಗಿ ಹೊಳಪಿಲ್ಲದ, ದೂರದಿಂದ ಹತ್ತಿಬಟ್ಟೆಯೆಂದೇ ತೋರುವ ರೇಷ್ಮೆಯೂ ಅಲ್ಲುಂಟು. ಅದರ ಬೆಲೆಯೋ ಬಹಳ ಹೆಚ್ಚು. ಅದೇ ‘ಯೂಕಿ ತ್ಸುಮುಗಿ’. ಟೋಕಿಯೋ ನಗರದ ಉತ್ತರಕ್ಕಿರುವ ಇಬಾರಕಿ, ತೋಚಿಗಿ ಪ್ರಾಂತ್ಯಗಳಲ್ಲಿ, ಕಿನು ನದಿಯ ಆಸುಪಾಸಿನ ಊರುಗಳಲ್ಲಿ ಇದನ್ನು ನೇಯುವರು.

ನಾನು ರೇಷ್ಮೆ ಬೆಳೆಯುವ ಮನೆಯಲ್ಲಿ ಹುಟ್ಟಿದವನು. ಎರಡು ಹುಳುಗಳು ಸೇರಿ ಕಟ್ಟಿದ ಜೋಡಿಗೂಡಿಗೂ, ಚಿಟ್ಟೆ ಹೊರಬಂದ ತೂತುಗೂಡಿಗೂ ಸಂತೆಯಲ್ಲಿ ಒಳ್ಳೆಯ ಬೆಲೆ ಹುಟ್ಟದೆಂಬುದನ್ನು ಬಲ್ಲೆ. ಅವುಗಳಿಂದ ನೂಲನ್ನು ಸಲೀಸಾಗಿ ಬಿಚ್ಚಲು ಬರುವುದಿಲ್ಲ. ತ್ಸುಮುಗಿ ಬಟ್ಟೆ ಮೊದಲು ಹುಟ್ಟಿದ್ದು ಇಂತಹ ಗೂಡುಗಳಿಂದಲೇ!

ಗೂಡುಗಳನ್ನು ಸೋಡಾ ಬೆರೆಸಿದ ನೀರಿನಲ್ಲಿ ಬೇಯಿಸಿ, ಬೆರಳಿನಿಂದ ಬಿಡಿಸಿ, ಐದಾರನ್ನು ಒಂದರ ಮೇಲೊಂದು ಹಿಗ್ಗಿಸಿ ಚೀಲದಾಕಾರದ ಅರಳೆಯನ್ನು ಮಾಡುವರು. ಇದು ‘ಮವಾತ’. ಒಣಗಿದ ಮವಾತವನ್ನು ಒಂದು ಕಡ್ಡಿಗಂಬಕ್ಕೆ ಸುತ್ತಿ, ಬೆರಳನ್ನು ಎಂಜಲಿನಿಂದ ನೆನೆಸುತ್ತ ಹೆಂಗಸರು ಎಳೆ ತೆಗೆಯುವರು. ರಾಟೆಯಿಲ್ಲ, ತಕಲಿಯಿಲ್ಲ; ಎಳೆಗೆ ಹುರಿಯೂ ಇಲ್ಲ. ಹುರಿಯಿಲ್ಲದ ಎಳೆ ತನ್ನೊಳಗೆ ಗಾಳಿಯನ್ನು ಹಿಡಿದಿಡುವುದರಿಂದ ಬಟ್ಟೆ ಹಗುರವೂ ಬೆಚ್ಚಗೂ ಇರುತ್ತದೆ.

ಚಿತ್ತಾರದ ಕೆಲಸವು ನೇಯ್ಗೆಗೆ ಮೊದಲೇ ಆಗಬೇಕು. ನಕ್ಷೆಗೆ ತಕ್ಕಂತೆ ಎಳೆಗಳನ್ನು ಅಲ್ಲಲ್ಲಿ ಹತ್ತಿಯ ದಾರದಿಂದ ಬಿಗಿದು ಬಣ್ಣಕ್ಕೆ ಅದ್ದುವರು. ಬಿಗಿದ ಕಡೆ ಬಣ್ಣ ಹಿಡಿಯದು. ‘ಕಸುರಿ’ ಎಂಬ ಈ ವಿಧಾನವೇ ನಮ್ಮ ಪಟೋಲ, ಪೋಚಂಪಳ್ಳಿ ಸೀರೆಗಳಲ್ಲಿಯೂ ಇದೆ. ಬಳಿಕ ಎಳೆಗೆ ಗೋಧಿಹಿಟ್ಟಿನ ಗಂಜಿ ಹಾಕಿ ಮಗ್ಗಕ್ಕೆ ಏರಿಸುವರು. ಹಾಸಿನ ತುದಿ ನೇಯುವವಳ ಸೊಂಟಕ್ಕೇ ಕಟ್ಟಿರುತ್ತದೆ. ಅವಳು ಹಿಂದೆ ವಾಲಿದರೆ ಹಾಸು ಬಿಗಿ, ಮುಂದೆ ಬಾಗಿದರೆ ಸಡಿಲ. ಹೀಗೆ ಮೈಯೇ ಮಗ್ಗದ ಒಂದು ಅಂಗವಾಗುತ್ತದೆ. ಒಂದು ಕಿಮೋನೊಗೆ ಬೇಕಾದ ಸುಮಾರು 12 ಮೀಟರ್ ಬಟ್ಟೆಗೆ ಎಳೆ ತೆಗೆಯುವುದರಿಂದ ನೇಯ್ಗೆಯವರೆಗೆ ತಿಂಗಳುಗಟ್ಟಲೆ ದುಡಿಮೆ ಬೇಕು.

ಕೈಯಿಂದ ಎಳೆ ತೆಗೆಯುವುದು, ಕೈಯಿಂದ ಕಟ್ಟುವುದು, ಸೊಂಟದ ಮಗ್ಗದಲ್ಲಿ ನೇಯುವುದು—ಈ ಮೂರನ್ನು ಜಪಾನ್ ಸರಕಾರವು 1956ರಲ್ಲಿ ರಾಷ್ಟ್ರದ ಸಾಂಸ್ಕೃತಿಕ ಸ್ವತ್ತೆಂದು ಸಾರಿತು. 2010ರಲ್ಲಿ ಯುನೆಸ್ಕೋ ಸಂಸ್ಥೆಯೂ ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಗಮನಿಸಬೇಕಾದ ಮಾತೆಂದರೆ, ಅಲ್ಲಿ ಮನ್ನಣೆ ದೊರೆತದ್ದು ಬಟ್ಟೆಗೆ ಮಾತ್ರವಲ್ಲ, ಅದನ್ನು ಮಾಡುವ ಕೈಯ ವಿದ್ಯೆಗೆ. ಆದರೂ ಮನ್ನಣೆಯೊಂದರಿಂದಲೇ ವಿದ್ಯೆ ಉಳಿಯದು. ಕಲಿಯಲು ಬರುವ ಕಿರಿಯರು ಅಲ್ಲಿಯೂ ಕಡಮೆಯಾಗಿದ್ದಾರೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಕ್ಷರ ಬಾರದ ನಮ್ಮ ಹಿರಿಯರು ಹುಳುವಿನ ಹಸಿವನ್ನೂ ಹಣ್ಣಾಗುವ ಹೊತ್ತನ್ನೂ ಕಣ್ಣಳತೆಯಲ್ಲೇ ಹೇಳಬಲ್ಲರು. ಅದಕ್ಕೆ ಪದವಿಯಿಲ್ಲ, ವಿದ್ಯೆಯಲ್ಲವೆಂದು ಹೇಳುವ ಧೈರ್ಯ ಮಾತ್ರ ನನಗಿಲ್ಲ.